ಮರಳಿನ ಮೇಲೆ ಕಟ್ಟುವ ವಿದ್ಯೆ

ಕಂಪನಿ ಸರಕಾರದ ಅಧಿಕಾರಿಗಳ ಹೆಸರು ಬಂದಾಗ ನಾವು ಮೇಷ್ಟರುಗಳು ಯುದ್ಧ, ಒಪ್ಪಂದ, ಕಂದಾಯ ಇಷ್ಟನ್ನೇ ಹೇಳಿ ಮುಂದೆ ಸಾಗುವುದು ವಾಡಿಕೆ. ಸರ್ ಆರ್ಥರ್ ಕಾಟನ್ ಅವರ ವಿಷಯದಲ್ಲಿ ಹಾಗೆ ಸಾಗಿಬಿಡುವುದು ತರವಲ್ಲವೆಂದು ನನ್ನ ಭಾವನೆ.

1803ರಲ್ಲಿ ಜನಿಸಿದ ಕಾಟನ್, ಹದಿನೈದನೆಯ ವಯಸ್ಸಿನಲ್ಲಿ ಅಡಿಸ್ಕಂಬ್‌ನ ಸೈನಿಕ ಶಾಲೆಯನ್ನು ಸೇರಿ, 1821ರಲ್ಲಿ ಭಾರತಕ್ಕೆ ಬಂದರು. ಮದರಾಸ್ ಎಂಜಿನಿಯರ್ಸ್ ದಳದ ತರುಣ ಅಧಿಕಾರಿಯಾಗಿ ಮೊದಲ ಬರ್ಮಾ ಯುದ್ಧದಲ್ಲಿ (1824–26) ಪಾಲ್ಗೊಂಡರು. ಯುದ್ಧದ ಮಾತು ಇಷ್ಟು ಸಾಕು.

ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ನಮ್ಮ ಕಾವೇರಿಯ ಕೆಳದಂಡೆಯಲ್ಲಿ. ತಿರುಚಿರಾಪಳ್ಳಿಯ ಬಳಿ ನದಿ ಎರಡಾಗಿ ಒಡೆಯುತ್ತದೆ. ಕಾವೇರಿಯ ಕವಲಿನಲ್ಲಿ ಹೂಳು ತುಂಬಿ, ನೀರೆಲ್ಲ ಕೊಳ್ಳಿಡಂ ಕವಲಿಗೆ ಹರಿದುಹೋಗಿ, ತಂಜಾವೂರಿನ ಗದ್ದೆಗಳು ಒಣಗುತ್ತಿದ್ದವು. ಕೊಳ್ಳಿಡಂಗೆ ಅಡ್ಡಕಟ್ಟೆ ಹಾಕಬೇಕು. ಆದರೆ ಅಗೆದಷ್ಟೂ ಮರಳು, ತಳಬಂಡೆಯೇ ಇಲ್ಲ! ಉತ್ತರ ದೊರೆತದ್ದು ಸಮೀಪದಲ್ಲೇ ನಿಂತಿದ್ದ ಚೋಳರ ಕಲ್ಲಣೆಯಲ್ಲಿ. ದೊಡ್ಡ ಕಲ್ಲುಗಳನ್ನು ಮರಳಿನ ಮೇಲೆ ಇಳಿಬಿಟ್ಟರೆ, ಹರಿವ ನೀರು ಅಡಿಯ ಮರಳನ್ನು ಕೊರೆದಂತೆ ಅವು ತಾವಾಗಿ ಕುಸಿದು ಕೂರುತ್ತವೆ. ಕುಸಿಯುವುದು ನಿಂತ ಮೇಲೆ ಕಟ್ಟಡವನ್ನು ಏರಿಸಬಹುದು. 1836ರಲ್ಲಿ ಕೊಳ್ಳಿಡಂನ ಅಣೆಗಳು ಎದ್ದವು. ಅಳತೆಗೆ ಸಿಕ್ಕದ ಮರಳಿನಲ್ಲಿ ಅಡಿಪಾಯ ಹಾಕುವುದನ್ನು ತಾವು ಈ ನಾಡಿನ ಹಳೆಯ ಕುಶಲಿಗಳಿಂದಲೇ ಕಲಿತದ್ದೆಂದು ಕಾಟನ್ ಮುಂದೆ ಬರೆದರು. ಆಳುವ ಜಾತಿಯವನೊಬ್ಬ ಆಳಿಸಿಕೊಳ್ಳುವವರನ್ನು ಗುರುಗಳೆಂದು ಒಪ್ಪಿಕೊಂಡುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆ ವಿದ್ಯೆಯನ್ನೇ ಅವರು ಗೋದಾವರಿಗೆ ಒಯ್ದರು. 1833ರ ಕ್ಷಾಮವೂ 1839ರ ಚಂಡಮಾರುತವೂ ಆ ಸೀಮೆಯನ್ನು ಹಾಳುಗೆಡವಿದ್ದವು. 1847ರಲ್ಲಿ ಧವಳೇಶ್ವರದಲ್ಲಿ ಕೆಲಸ ಆರಂಭವಾಯಿತು. ನಡುಗಡ್ಡೆಗಳ ಆಸರೆಯಿಂದ ನಾಲ್ಕು ಭಾಗಗಳಾಗಿ, ಒಟ್ಟು ಎರಡು ಮೈಲಿಗೂ ಮೀರಿದ ಕಟ್ಟೆ 1852ರಲ್ಲಿ ಮುಗಿಯಿತು. ಕಂಪನಿಗೆ ಕಂದಾಯದ ಆಸೆಯಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಕಲ್ಲು ಹೊತ್ತ ಸಾವಿರಾರು ಜನರ ಹೆಸರುಗಳಂತೂ ನಮಗೆ ಉಳಿದೇ ಇಲ್ಲ. ಆದರೂ ಗೋದಾವರಿಯಲ್ಲಿ ಮೀಯುವಾಗ ಸಂಕಲ್ಪದಲ್ಲಿ ಕಾಟನ್ನರನ್ನು ಸ್ಮರಿಸುವ ಪುರೋಹಿತರು ಆ ಕಡೆ ಇದ್ದಾರೆ.

ಅವರ ಲೆಕ್ಕ ಎಲ್ಲೆಡೆಯೂ ಫಲಿಸಲಿಲ್ಲ. ತುಂಗಭದ್ರೆಯ ನೀರನ್ನು ಸುಂಕೇಶುಲದಿಂದ ಕಡಪಕ್ಕೆ ಒಯ್ದ ಕಾಲುವೆ ಕಂಪನಿಯೊಂದನ್ನು ನಷ್ಟಕ್ಕೆ ದೂಡಿತು. 1882ರಲ್ಲಿ ಸರಕಾರ ಅದನ್ನು ಕೊಂಡಿತು. ಬಳ್ಳಾರಿ ಸೀಮೆಯಲ್ಲಿ ಅದೇ ನದಿಗೆ ಜಲಾಶಯ ಬೇಕೆಂದು 1860ರಲ್ಲಿ ಅವರು ಸೂಚಿಸಿದ್ದರು. ನಮ್ಮ ಹೊಸಪೇಟೆಯ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ! ನಡುವೆ, 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿಯೂ ಮೈಸೂರೂ ಕಂಡ ಸಾವುಗಳನ್ನು ನೆನೆದರೆ ಆ ವಿಳಂಬ ಎದೆಗೆ ತಟ್ಟುತ್ತದೆ. ರೈಲಿಗಿಂತ ಕಾಲುವೆ ಮೊದಲು ಎಂಬ ತಮ್ಮ ಹಟವನ್ನು 1878ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಅವರು ಬಿಡಲಿಲ್ಲ.

ಆಮೇಲೆ ವಿಶ್ರಾಂತಿಯೇ? ಇಲ್ಲ. ಡಾರ್ಕಿಂಗ್‌ನ ತಮ್ಮ ಮನೆಯ ನೆಲವನ್ನು ಆಳವಾಗಿ ಅಗೆಸಿ, ಗೋಧಿ ಬಿತ್ತಿ, ಇಳುವರಿ ಎಷ್ಟು ಏರೀತೆಂದು ಆ ಮುದುಕರು ಪ್ರಯೋಗಕ್ಕೆ ತೊಡಗಿದರು. ಅಲ್ಲಿಯೇ 1899ರ ಜುಲೈ 24ರಂದು ತೀರಿಕೊಂಡರು.