ಬುಕಾನನ್ ನಡೆದ ದಾರಿಯ ನೇರಳೆ ಹೂಚೆಂಡುಗಳು: ಸೆಂಟೋರಿಯಾ ಬಂಧುತ್ವದ ಒಂದು ಪರಿಶೀಲನೆ

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ವೇಣೂರುಗಳನ್ನು ಹಾದು ಮೂಡುಬಿದಿರೆಗೆ ಬಂದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನವನ್ನು ನಾವು ಗೇಣಿ, ತೀರ್ವೆ, ಬಸದಿಗಳ ಮಾಹಿತಿಗಾಗಿ ಓದುತ್ತೇವೆ. ಬರೆದವನು ಸಸ್ಯವಿಜ್ಞಾನಿ ಎಂಬುದು ಹಿಂದೆ ಸರಿಯುತ್ತದೆ. ಅದೇ ದಾರಿಯ ಪ್ರದೇಶವನ್ನು ಇಟ್ಟುಕೊಂಡು ಈ ಲೇಖನ ಕೇಳುವ ಪ್ರಶ್ನೆ ಇಷ್ಟು: ಯುರೋಪಿನ ಹುಲ್ಲುಗಾವಲುಗಳ ಸೆಂಟೋರಿಯಾ ಹೂಗಳಿಗೆ ಇಲ್ಲಿ ನಿಜವಾದ ನೆಂಟರಿದ್ದಾರೆಯೇ?

ಸೂರ್ಯಕಾಂತಿ ಕುಟುಂಬದ ಕಾರ್ಡುಯೇ ಪಂಗಡಕ್ಕೆ ಸೇರಿದ ಸೆಂಟೋರಿಯಾದ ತವರು ಮೆಡಿಟರೇನಿಯನ್ ಸೀಮೆ ಮತ್ತು ಪಶ್ಚಿಮ ಏಷ್ಯಾ. ಕರ್ನಾಟಕದಲ್ಲಿ ಅದರ ಹತ್ತಿರದ ಸಂಬಂಧಿ ವಿಜಯಪುರ, ಕಲಬುರಗಿಗಳ ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತುವ ಕುಸುಬೆ. ಒಣ ಬಯಲಿನ ಬ್ರಹ್ಮದಂಡೆಯೂ (ಎಕಿನಾಪ್ಸ್ ಎಕಿನೇಟಸ್) ಇದೇ ಪಂಗಡದ್ದು. ಎರಡೂ ಘಟ್ಟದ ಮೇಲಿನವು. ನೆಲದಲ್ಲಿ ಉಳಿದ ತೇವದ ಮೇಲೆ ಬೆಳೆದು ಒಣ ಹವೆಯಲ್ಲಿ ಕಾಳು ಕಟ್ಟುವ ಕುಸುಬೆಗೆ ಮಳೆ, ತೇವದ ಗಾಳಿ ಹೆಚ್ಚಾದರೆ ಎಲೆಚುಕ್ಕೆ ರೋಗ ಬರುತ್ತದೆ. ಮಳೆಗಾಲದಲ್ಲೇ 3,000 ಮಿ.ಮೀ. ಮೀರಿ ಸುರಿಯುವ ತುಳುನಾಡಿನ ಮುರಕಲ್ಲು ನೆಲ ಇಂಥ ಗಿಡಗಳಿಗೆ ಹೇಳಿದ್ದಲ್ಲ.

ಇಲ್ಲಿ ಕಾರ್ಡುಯೇಯ ಜಾಗ ತುಂಬಿರುವುದು ಅದೇ ಕುಟುಂಬದ ವರ್ನೋನಿಯೇ ಪಂಗಡ. ತೋಟದ ದರೆ, ಗದ್ದೆಯ ಹುಣಿ, ರಸ್ತೆಯ ಅಂಚು ಎಲ್ಲೆಡೆ ಸಹದೇವಿ ಇದೆ. ಲಿನೇಯಸ್ 1753ರಲ್ಲಿ ಕೊನೈಜಾ ಎಂದದ್ದನ್ನು 1829ರಲ್ಲಿ ಲೆಸ್ಸಿಂಗ್ ವರ್ನೋನಿಯಾಕ್ಕೆ ಸೇರಿಸಿದ. 1990ರಲ್ಲಿ ಹೆರಾಲ್ಡ್ ರಾಬಿನ್ಸನ್ ಸಯಾಂಥಿಲಿಯಮ್ ಕುಲಕ್ಕೆ ಕಳಿಸಿದ. ಹೆಸರು ಎಷ್ಟು ಸಲ ಬದಲಾದರೂ ಕೇರಳದವರು ದಶಪುಷ್ಪ ಎನ್ನುವ ಹತ್ತು ಗಿಡಗಳಲ್ಲಿ ಇದರ ಸ್ಥಾನ ಭದ್ರ. ಎಲಿಫ್ಯಾಂಟೋಪಸ್ ಸ್ಕೇಬರ್ ಇನ್ನೂ ಕುತೂಹಲದ ಗಿಡ. ಅದರ ಎಲೆಗಳು ನೆಲಕ್ಕೆ ಅಂಟಿದಂತೆ ಸುತ್ತಲೂ ಹರಡಿರುತ್ತವೆ. ನಡುವಿನಿಂದ ಏಳುವ ದಂಟಿನ ತುದಿಯಲ್ಲಿ ಹೃದಯಾಕಾರದ ಮೂರು ಪುಷ್ಪಪತ್ರಗಳ ನಡುವೆ ಹೂಚೆಂಡುಗಳ ಗೊಂಚಲು. ಒಂದೊಂದು ಚೆಂಡಿನಲ್ಲಿ ಸಾಮಾನ್ಯವಾಗಿ ನಾಲ್ಕೇ ಕಿರುಹೂ. ಮಲಬಾರಿನ ಸಸ್ಯಗಳ ಹಳೆಯ ಗ್ರಂಥ ಹೊರ್ಟುಸ್ ಮಲಬಾರಿಕುಸ್‌ನಲ್ಲಿ ಇದು ‘ಆನಚುವಡಿ’. ಇದೇ ಪಂಗಡದಲ್ಲಿ ಪಶ್ಚಿಮ ಘಟ್ಟದ ಕಾಡಿನ ಮರವೊಂದೂ ಇದೆ. ಅದಕ್ಕೆ ವರ್ನೋನಿಯಾ ಆರ್ಬೋರಿಯಾ ಎಂದು ಹೆಸರಿಟ್ಟವನು ಬುಕಾನನ್ನೇ. ಗೇಣುದ್ದದ ಕಳೆಯನ್ನೂ ಕಾಡುಮರವನ್ನೂ ಒಂದೇ ಪಂಗಡದಲ್ಲಿ ಕಾಣುವ ಭಾಗ್ಯ ಕುಸುಬೆ ಸೀಮೆಯವರಿಗಿಲ್ಲ!

ಮುಳ್ಳು ಮತ್ತು ಬಣ್ಣ ನೋಡಿ ಬಂಧುತ್ವ ಹೇಳುವಂತಿಲ್ಲ. ಹಳದಿ ಹೂವಿನ ಮುಳ್ಳುಗಿಡ ದತ್ತೂರಿ (ಆರ್ಜಿಮೋನ್) ಗಸಗಸೆ ಕುಟುಂಬದ್ದು. ಕೊಯ್ಲಾದ ಗದ್ದೆಯ ಮುಂಡಿ ಇನ್ಯುಲೇ ಪಂಗಡಕ್ಕೆ ಸೇರಿದೆ. ಅಂಗಳದ ಕುಂಡಗಳಲ್ಲಿ ಬೆಳೆಸುವ ಸೆಂಟ್ರಾಥೀರಮ್ ಪಂಕ್ಟೇಟಮ್ ಸೆಂಟೋರಿಯಾವನ್ನೇ ಹೋಲುತ್ತದಾದರೂ ಅಮೆರಿಕದ ಉಷ್ಣವಲಯದಿಂದ ಬಂದ ವರ್ನೋನಿಯೇ ಗಿಡ. ನಂಬಬಹುದಾದ ಗುರುತು ಶಲಾಕೆಯಲ್ಲಿ, ಅಂದರೆ ಕಿರುಹೂವಿನ ಅಂಡಾಶಯದ ಮೇಲೆ ಏಳುವ ಕಡ್ಡಿಯಲ್ಲಿ, ಇದೆ. ಕಾರ್ಡುಯೇ ಗಿಡಗಳಲ್ಲಿ ಶಲಾಕೆ ಕವಲೊಡೆಯುವ ಜಾಗದ ಕೆಳಗೆ ದಪ್ಪಗಾಗಿರುತ್ತದೆ ಅಥವಾ ಅಲ್ಲಿ ರೋಮದ ಉಂಗುರವಿರುತ್ತದೆ. ವರ್ನೋನಿಯೇಯಲ್ಲಿ ಆ ಉಂಗುರವಿಲ್ಲ. ಎರಡು ಸಪೂರ ಕವಲುಗಳು ಹೊರಮೈಯಲ್ಲೆಲ್ಲ ರೋಮ ಹೊತ್ತು ಸುರುಳಿಯಾಗುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಸಾಕು.

ಹಾಗಾದರೆ ಕಾರ್ಡುಯೇಯನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಹುಡುಕುವುದೇ ವ್ಯರ್ಥವೇ? ಬಂಟ್ವಾಳದ ನೇತ್ರಾವತಿ ಬಯಲು, ಮೂಡುಬಿದಿರೆಯ ಪದವುಗಳ ಮಟ್ಟಿಗೆ ಹೌದೆಂದೇ ನನ್ನ ನಿಲುವು. ಬೆಳ್ತಂಗಡಿಯ ಮೂಡಣ ಅಂಚು ಬೇರೆ ಮಾತು. ಸೆಂಟೋರಿಯಾಕ್ಕೆ ಹತ್ತಿರದ ಟ್ರೈಕೋಲೆಪಿಸ್ ಕುಲದ ಕೆಲವು ಪ್ರಭೇದಗಳು ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಲ್ಲಿ ಬೆಳೆಯುತ್ತವೆ. ಚಾರ್ಮಾಡಿ, ಕುದುರೆಮುಖದ ಕಡೆಯ ಹುಲ್ಲುಬೆಟ್ಟಗಳನ್ನು ಮಳೆ ಬಿಟ್ಟ ಮೇಲೆ ನೋಡಬೇಕು. ಉಜಿರೆ, ಮೂಡುಬಿದಿರೆಯ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಅರಣ್ಯ ಇಲಾಖೆಯ ಅನುಮತಿ ಪಡೆದು ಈ ಕೆಲಸ ಕೈಗೆತ್ತಿಕೊಳ್ಳಲಿ. ಮಾದರಿ ಒಣಗಿಸುವಾಗ ಅರಳಿದ ಹೂವಿನ ಜೊತೆಗೆ ಬಲಿತ ಬೀಜವನ್ನೂ ಇಡಲಿ.