ಆರ್‌ಪಿಜಿ ಯಾವುದು, ಯಾವುದಲ್ಲ: ಒಂದು ಗಡಿ ತಕರಾರಿನ ಇತಿಹಾಸ

1986ರಲ್ಲಿ ಜಪಾನಿನ ಫ್ಯಾಮಿಕಾಮ್ ಎಂಬ ವಿಡಿಯೊ ಗೇಮ್ ಯಂತ್ರಕ್ಕೆ ಕೆಲವೇ ತಿಂಗಳ ಅಂತರದಲ್ಲಿ ಎರಡು ಆಟಗಳು ಬಂದವು: ಫೆಬ್ರುವರಿಯಲ್ಲಿ ನಿಂಟೆಂಡೊದ ‘ದ ಲೆಜೆಂಡ್ ಆಫ್ ಜೆಲ್ಡಾ’, ಮೇ ತಿಂಗಳಲ್ಲಿ ಯೂಜಿ ಹೊರಿಯಿ ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’. ಎರಡರಲ್ಲೂ ಕತ್ತಿ ಹಿಡಿದ ವೀರ, ಸೆರೆಸಿಕ್ಕ ರಾಜಕುಮಾರಿ, ರಾಕ್ಷಸರು ತುಂಬಿದ ಗುಹೆಗಳು. ಎರಡನೆಯದನ್ನು ರೋಲ್-ಪ್ಲೇಯಿಂಗ್ ಗೇಮ್ (ಆರ್‌ಪಿಜಿ) ಎನ್ನಲು ಯಾರ ತಕರಾರೂ ಇಲ್ಲ. ಮೊದಲನೆಯದರ ವಾದ ಇನ್ನೂ ಮುಗಿದಿಲ್ಲ.

ಈ ತಕರಾರಿನ ಬೇರು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿದೆ. ಯುದ್ಧದ ಮೇಜಿನಾಟದಿಂದ ಹುಟ್ಟಿದ ಅದರಲ್ಲಿ ಎರಡು ಎಳೆಗಳಿದ್ದವು. ಒಂದು, ದಾಳ, ಬಲ, ಬುದ್ಧಿ, ಅನುಭವದ ಅಂಕಗಳ ಲೆಕ್ಕ. ಇನ್ನೊಂದು, ಆಟಗಾರರು ಏನೇ ಹೇಳಲಿ, ಅದಕ್ಕೆ ತಕ್ಕಂತೆ ಕಥೆಯನ್ನು ಹೊರಳಿಸುವ ಆಟದ ಯಜಮಾನ. ಮರುವರ್ಷವೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಗಣಕಜಾಲದಲ್ಲಿ ‘ಪೆಡಿಟ್5’ ಮುಂತಾದ ಆಟಗಳು ಇದನ್ನು ಪರದೆಗೆ ತಂದವು. ಯಂತ್ರಕ್ಕೆ ಲೆಕ್ಕ ಬರುತ್ತಿತ್ತು, ಸಮಯೋಚಿತವಾಗಿ ಮಾತಾಡುವುದು ಬರುತ್ತಿರಲಿಲ್ಲ. ಹಾಗಾಗಿ ಅಂಕಗಳು ದಾಟಿ ಬಂದವು, ಯಜಮಾನ ಮೇಜಿನ ಬಳಿಯೇ ಉಳಿದ. 1981ರ ‘ವಿಜರ್ಡ್ರಿ’, ‘ಅಲ್ಟಿಮಾ’ಗಳ ಹೊತ್ತಿಗೆ ಅಂಕ ಏರುವುದೇ ಈ ಪ್ರಕಾರದ ಗುರುತಾಗಿಬಿಟ್ಟಿತ್ತು.

ಇದಕ್ಕೆ ಗಟ್ಟಿಯಾದ ಮೊದಲ ಪ್ರತಿವಾದ ಬಂದದ್ದು ಪ್ರಬಂಧದಿಂದಲ್ಲ, ಆಟದಿಂದಲೇ. ರಿಚರ್ಡ್ ಗ್ಯಾರಿಯಟ್ಟರ ‘ಅಲ್ಟಿಮಾ 4’ರಲ್ಲಿ (1985) ಕೊಲ್ಲಬೇಕಾದ ಮಹಾಖಳನೇ ಇಲ್ಲ, ನಾಯಕ ಎಂಟು ಸದ್ಗುಣಗಳನ್ನು ಗಳಿಸಬೇಕು. ಮಂತ್ರದ ಸಾಮಗ್ರಿ ಮಾರುವ ಅಂಗಡಿಯವಳು ಕುರುಡಿ. ಎಷ್ಟು ಚಿನ್ನ ಕೊಡುತ್ತೀರೆಂದು ಆಟಗಾರನೇ ಟೈಪಿಸಬೇಕು. ಕಡಿಮೆ ಕೊಟ್ಟರೂ ಸಾಮಾನು ಕೈಗೆ ಬರುತ್ತದೆ, ಯಾರೂ ಬೈಯುವುದಿಲ್ಲ. ಪ್ರಾಮಾಣಿಕತೆಯ ಅಂಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಲೆಕ್ಕ ಇಲ್ಲಿಯೂ ಇದೆ, ಆದರೆ ಅದು ತೋಳ್ಬಲದ್ದಲ್ಲ, ನಡತೆಯದ್ದು.

ಮುಂದೆ ಅಂಕಗಳು ಎಲ್ಲೆಂದರಲ್ಲಿ ನುಗ್ಗಿದವು. 2007ರ ‘ಕಾಲ್ ಆಫ್ ಡ್ಯೂಟಿ 4’ ಎಂಬ ಗುಂಡಿನಾಟದ ಮಲ್ಟಿಪ್ಲೇಯರ್‌ನಲ್ಲೂ ಅನುಭವದ ಅಂಕ ಕೂಡಿಸಿ ಮೇಲಿನ ದರ್ಜೆಗೆ ಏರಬಹುದು. ಅದನ್ನು ಆರ್‌ಪಿಜಿ ಎಂದರೆ ಆಡಿದವರೇ ನಕ್ಕಾರು. ಅಲ್ಲಿಗೆ ಹಳೆಯ ಗುರುತು ಸವೆಯಿತು. ‘ಒಳ್ಳೆಯ ಕಥೆ ಇರಬೇಕು’ ಎಂಬ ಇನ್ನೊಂದು ವಾದವೂ ನಿಲ್ಲದು. ಕಥೆ ಯಾವ ಪ್ರಕಾರದ ಸ್ವತ್ತೂ ಅಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವ ಅಳತೆ ಬೇರೆ: ಫಲಿತಾಂಶ ನಿರ್ಧರಿಸುವುದು ಆಟಗಾರನ ಸಾಮರ್ಥ್ಯವೋ, ಪಾತ್ರದ ಸಾಮರ್ಥ್ಯವೋ? 1997ರ ‘ಫಾಲ್‌ಔಟ್’ನಲ್ಲಿ ಬುದ್ಧಿಯ ಅಂಕವನ್ನು ತೀರಾ ಕೆಳಗಿಟ್ಟರೆ ನಾಯಕನ ಬಾಯಿಂದ ಬರೀ ತೊದಲು ಹೊರಡುತ್ತದೆ. ಆಡುವವರು ಎಷ್ಟೇ ಜಾಣರಾಗಿರಲಿ, ಎದುರಿನವರ ಜೊತೆ ನೆಟ್ಟಗೆ ಮಾತಾಡುವಂತಿಲ್ಲ. 2019ರ ‘ಡಿಸ್ಕೊ ಎಲಿಸಿಯಂ’ ಪ್ರತ್ಯೇಕ ಯುದ್ಧ ವ್ಯವಸ್ಥೆಯನ್ನೇ ಕೈಬಿಟ್ಟು, ಪತ್ತೇದಾರನ 24 ಕೌಶಲಗಳ ಮೇಲೆಯೇ ಆಟ ಕಟ್ಟಿತು. ಈ ಅಳತೆಯಲ್ಲಿ ಜೆಲ್ಡಾ ಹೊರಗುಳಿಯುತ್ತದೆ: ಅಲ್ಲಿ ಕತ್ತಿ ಬದಲಾಗುತ್ತದೆ, ಜೀವದ ಹೃದಯಗಳು ಹೆಚ್ಚುತ್ತವೆ, ಆದರೆ ಏಟು ತಾಗುವುದು ಆಡುವವರ ಹೆಬ್ಬೆರಳಿನ ಚುರುಕಿನಿಂದ.

ಆದರೆ ಇದೇ ಅಳತೆಯನ್ನು 2011ರ ‘ಡಾರ್ಕ್ ಸೋಲ್ಸ್’ಗೆ ಹಿಡಿದರೆ ಕಷ್ಟವಾಗುತ್ತದೆ. ಅಲ್ಲಿ ಲೆವೆಲ್ ಏರಿಸುವ ವಿಸ್ತಾರವಾದ ವ್ಯವಸ್ಥೆಯಿದೆ. ಆದರೂ ಒಂದೇ ಒಂದು ಲೆವೆಲ್ಲೂ ಏರಿಸದೆ, ಬರೀ ಕೈಚಳಕದಿಂದ ಇಡೀ ಆಟ ಮುಗಿಸಿದವರೂ ಇದ್ದಾರೆ.