ಕಲ್ಲು ಹೇಳುವ ಸಂಸ್ಕೃತಿ

ಸಂಸ್ಕೃತಿ ಎಂದೊಡನೆ ಸಂಗೀತ, ನೃತ್ಯ, ಹಬ್ಬ ಹರಿದಿನ, ಉಡುಗೆ ತೊಡುಗೆ ನೆನಪಾಗುತ್ತವೆ. ಇವು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೂ ಒಂದಿದೆ. ಯಾವುದು ದೊಡ್ಡದು, ಯಾರನ್ನು ನೆನೆಯಬೇಕು, ಯಾವುದಕ್ಕೆ ನಾಚಬೇಕು ಎಂಬ ತೀರ್ಮಾನವೇ ಅದು. ಇದನ್ನು ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಮನೆ, ಕೇರಿ, ಜಾತ್ರೆಗಳ ನಡುವೆ ಬೆಳೆಯುತ್ತಲೇ ಮೈಗೂಡುತ್ತದೆ. ನಮ್ಮ ಹಿರಿಯರ ಇಂಥ ತೀರ್ಮಾನಗಳನ್ನು ತಿಳಿಯಲು ಕನ್ನಡ ನಾಡಿನ ವೀರಗಲ್ಲು, ಮಾಸ್ತಿಗಲ್ಲುಗಳು ಒಳ್ಳೆಯ ಆಧಾರ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತದ ಕೆತ್ತನೆ ಇರುತ್ತದೆ. ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಶಿವಲಿಂಗ ಮತ್ತು ಸೂರ್ಯಚಂದ್ರರು. ಅರಸನ ಯುದ್ಧದಲ್ಲಿ ಸತ್ತವರಿಗೆ ಮಾತ್ರವಲ್ಲ, ಊರಿನ ದನಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯರಿಗೂ ಕಲ್ಲು ನಿಂತಿದೆ. ಅಕ್ಷರ ಬಾರದವನಿಗೂ ಅದರ ಅರ್ಥ ತಿಳಿಯುತ್ತಿತ್ತು: ಊರಿಗಾಗಿ ಸತ್ತವನು ಸ್ವರ್ಗಕ್ಕೆ ಹೋಗುತ್ತಾನೆ. ದಿನವೂ ಆ ಕಲ್ಲನ್ನು ನೋಡಿ ಬೆಳೆದ ಹುಡುಗನಿಗೆ ಪ್ರಾಣಕ್ಕಿಂತ ಹೆಸರು ದೊಡ್ಡದೆಂದು ತೋರಿದರೆ ಆಶ್ಚರ್ಯವಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೋಡಿ. ಕ್ರಿ.ಶ. 949ರ ಸುಮಾರಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆಯವರು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಿಷ್ಠೆ, ಶೌರ್ಯ ಎಲ್ಲಿ ಕಂಡರೂ ಪೂಜ್ಯ ಎಂದು ನಂಬಿದ ಜನ ಅವರು.

ಅದೇ ನಂಬಿಕೆಗೆ ಇನ್ನೊಂದು ಮುಖವೂ ಇತ್ತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡ ಏಚನಿಗೆ ಮರಣದಂಡನೆಯಾದಾಗ ದೇಕಬ್ಬೆ ಅಗ್ನಿಪ್ರವೇಶ ಮಾಡಿದಳು. ತಂದೆ ತಾಯಿ ಬೇಡವೆಂದು ತಡೆದರೂ ಅವಳು ಕೇಳಲಿಲ್ಲ. ಶಾಸನ ಅವಳ ಸಾವನ್ನು ಹಾಡಿ ಹೊಗಳುತ್ತದೆ. ಆದರೆ ತಡೆದ ಹೆತ್ತವರ ಮಾತೂ ಅದೇ ಕಲ್ಲಿನಲ್ಲಿ ಉಳಿದಿದೆ. ಹೆಣ್ಣು ಹೀಗೆ ಸಾಯುವುದೇ ಹಿರಿಮೆ ಎಂದು ಊರೆಲ್ಲ ನಂಬಿದ್ದ ಕಾಲದಲ್ಲೂ ಮಗಳು ಬದುಕಲಿ ಎಂದು ಬಯಸಿದ ಹೃದಯಗಳಿದ್ದವು.

ಆ ಎರಡನೆಯ ದನಿಗೆ ಬಲ ಬರಲು ಶತಮಾನಗಳೇ ಬೇಕಾದವು. ರಾಜಾರಾಮ ಮೋಹನರಾಯರು ಶಾಸ್ತ್ರಗಳನ್ನೇ ಆಧಾರ ಮಾಡಿಕೊಂಡು ಸತಿ ಪದ್ಧತಿಯನ್ನು ವಿರೋಧಿಸಿದರು. 1829ರಲ್ಲಿ ಬಂಗಾಳ ಪ್ರಾಂತದಲ್ಲಿ ಅದರ ನಿಷೇಧವಾಯಿತು. ಸಂಸ್ಕೃತಿ ನಮಗೆ ನೋಡುವ ಕಣ್ಣು ಕೊಡುತ್ತದೆ, ನಿಜ. ಆ ನೋಟವನ್ನು ತಿದ್ದಿಕೊಳ್ಳುವ ಶಕ್ತಿಯೂ ಅದರೊಳಗೇ ಇದೆ ಎಂಬುದನ್ನು ಈ ಇತಿಹಾಸ ತೋರಿಸುತ್ತದೆ.

ಇಂದು ಎಷ್ಟೋ ಊರುಗಳಲ್ಲಿ ಇಂಥ ಕಲ್ಲುಗಳು ಬೇಲಿಯ ಮರೆಯಲ್ಲಿ ಹೂತಿವೆ, ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ಅವುಗಳನ್ನು ಎತ್ತಿ ನಿಲ್ಲಿಸಿದರಷ್ಟೇ ಸಾಲದು, ಮಕ್ಕಳಿಗೆ ಓದಿಸಲೂ ಬೇಕು. ಕಾಳಿಯ ಕಲ್ಲಿನ ಮುಂದೆ ಹೆಮ್ಮೆಪಡಲು, ದೇಕಬ್ಬೆಯ ಕಲ್ಲಿನ ಮುಂದೆ ಪ್ರಶ್ನೆ ಕೇಳಲು ಕಲಿಸುವುದೇ ಶಾಲೆಯ ಕೆಲಸ. ಐವತ್ತು ವರ್ಷ ತುಂಬಿದ ಸರ್ಕಾರಿ ಶಾಲೆಯೊಂದು ತನ್ನ ಊರಿಗೆ ಕೊಡಬಹುದಾದ ದೊಡ್ಡ ಕೊಡುಗೆ ಇದೇ.